ಹಸಿದವರ ಹಲಸು

ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಲ್ಲಿ ಹಲಸಿನ ಮರವನ್ನು ಹುಡುಕಹೊರಟವನು ಬರಿಗೈಯಲ್ಲಿ ಮರಳುವುದೇ ಹೆಚ್ಚು. ಜೋಳ, ಕಡಲೆ, ಗೋದಿ, ಕುಸುಬೆ, ಹತ್ತಿ ಇವು ಈ ನೆಲದ ಮಕ್ಕಳು. ಹಲಸು ಮಲೆನಾಡಿನ ಕೂಸು. ಬೇಸಗೆ ಮುಗಿಯುವ ಹೊತ್ತಿಗೆ ಸಂತೆಗೆ ಬಂದ ಹಣ್ಣಿನ ತೊಳೆಗಳನ್ನು ಎಣಿಸಿ ಮಾರುವವನ ಮುಂದೆ ನಿಂತು, ಎರಡು ತೊಳೆ ಕೊಂಡು ನಾಲ್ವರು ಹಂಚಿ ತಿಂದದ್ದು ನನ್ನ ಬಾಲ್ಯದ ನೆನಪು. ಆದರೂ "ಹಸಿದು ಹಲಸು, ಉಂಡು ಮಾವು" ಎಂಬ ಗಾದೆ ನಮ್ಮ ಅಜ್ಜಿಯ ಬಾಯಲ್ಲಿ ಇದ್ದೇ ಇತ್ತು. ಮರ ಬೆಳೆಯದ ಊರಿಗೂ ಗಾದೆ ನಡೆದು ಬರುತ್ತದೆ. ಹಸಿವಂತೂ ಎಲ್ಲ ಊರಿನದೂ ಹೌದಷ್ಟೆ.

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ಓಣಿಯಲ್ಲಿ ಉಡುಪಿ ಕಡೆಯ ಮಾಸ್ತರರೊಬ್ಬರು ಬಾಡಿಗೆಗೆ ಇದ್ದರು. ಒಮ್ಮೆ ರಜೆ ಮುಗಿಸಿ ಬರುವಾಗ ಅವರು ನಾಲ್ಕಾರು ಹಸಿರು ಕಾಯಿ ತಂದು, ಒಂದನ್ನು ನಮ್ಮ ಮನೆಗೂ ಕೊಟ್ಟರು. ಹಲಸಿನಂತೆಯೇ ಮೈ, ಆದರೆ ಗಾತ್ರ ತೆಂಗಿನಕಾಯಿಯದು, ಮುಳ್ಳುಗಳೂ ಮೊಂಡು.

"ಇದೇನ್ರೀ ಮಾಸ್ತರ, ಹಲಸಿನ ಕೂಸೇನ್ರೀ?" ಎಂದಳು ನಮ್ಮವ್ವ.

"ಅಲ್ಲಮ್ಮ, ಇದು ಜೀಗುಜ್ಜೆ. ಇದರಲ್ಲಿ ಬೀಜ ಇಲ್ಲ. ಹಣ್ಣು ಮಾಡಿ ತಿನ್ನುವುದಲ್ಲ, ಕಾಯಿಯನ್ನೇ ಅಡುಗೆ ಮಾಡುವುದು" ಎಂದರು ಅವರು.

ಮಾಸ್ತರರ ಮನೆಯವರೇ ಬಂದು ಕಲಿಸಿಕೊಟ್ಟರು. ಮೇಣ ಅಂಟದಂತೆ ಕೈಗೂ ಈಳಿಗೆಗೂ ಎಣ್ಣೆ ಸವರಿಕೊಳ್ಳಬೇಕು. ಸಿಪ್ಪೆ ಹೆರೆದು, ನಡುವಿನ ದಿಂಡನ್ನು ತೆಗೆದು, ತೆಳ್ಳಗೆ ಹೋಳು ಮಾಡಬೇಕು. ಉಪ್ಪು, ಖಾರ, ಇಂಗು, ಅಕ್ಕಿಹಿಟ್ಟು ಹಚ್ಚಿ ಕರಿದರೆ ಅದು ಪೋಡಿ. ಉಳಿದ ಹೋಳುಗಳಿಗೆ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ನಾವು ಆ ಪಲ್ಯವನ್ನು ಜೋಳದ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದೆವು. "ಬಟಾಟಿ ಹಾಂಗ ಐತಲ್ರೀ!" ಎಂದು ಅವ್ವ ಮೆಚ್ಚಿದಳು.

ಈ ಕಾಯಿಗೆ ಕನ್ನಡದಲ್ಲಿ ದೀವಿಹಲಸು ಎಂಬ ಹೆಸರೂ ಉಂಟು. ದೀವಿಯೆಂದರೆ ದ್ವೀಪ. ತುಳುವಿನಲ್ಲಿ ಎಳೆಯ ಹಲಸಿನಕಾಯಿಗೆ ಗುಜ್ಜೆ ಎನ್ನುತ್ತಾರೆ; ದೀವಿಯ ಗುಜ್ಜೆಯೇ ಜೀಗುಜ್ಜೆ. ಬೀಜವಿಲ್ಲದ ಕಾರಣ ಬೇರಿನಿಂದ ಒಡೆದ ಮರಿಗಳನ್ನೇ ನೆಡಬೇಕಾಗಿ, ಬೇರುಹಲಸು ಎಂಬ ಹೆಸರೂ ಬಂದಿದೆ. ಮಲೆಯಾಳಿಗಳು ಇದನ್ನು ಸೀಮೆಯ ಹಲಸು ಎನ್ನುತ್ತಾರೆ, ನಾವು ಸೀಮೆಎಣ್ಣೆ, ಸೀಮೆಸುಣ್ಣ ಎಂದಂತೆ. ನಮ್ಮ ಹಲಸು, ಕಾಡಿನ ಹೆಬ್ಬಲಸು, ಸಾರಿಗೆ ಹುಳಿ ಕೊಡುವ ವಾಟೆಹುಳಿ ಎಲ್ಲವೂ ಇದರ ಕುಲಬಾಂಧವರೇ. ಆದರೆ ಅವು ಈ ನಾಡಿನವು. ಇದು ಹೊರಗಿನಿಂದ ಬಂದದ್ದೆಂದು ಹೆಸರೇ ಸಾರುತ್ತದೆ.

ಯಾವ ದೀವಿ ಅದು? ಪೆಸಿಫಿಕ್ ಮಹಾಸಾಗರದ ದ್ವೀಪಗಳು. ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಈ ಮರವನ್ನು ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಒಯ್ದು ಬೆಳೆಸಿದ್ದರು. 1769ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗಿನಲ್ಲಿ ತಹಿತಿಗೆ ಹೋದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಅದನ್ನು ಕಂಡು ಬೆರಗಾದ. ಬಾಳಿನಲ್ಲಿ ಹತ್ತು ಮರ ನೆಟ್ಟವನು ಮಕ್ಕಳು ಮೊಮ್ಮಕ್ಕಳ ಹೊಣೆಯನ್ನೂ ತೀರಿಸಿದಂತೆ ಎಂಬರ್ಥದ ಮಾತನ್ನು ಆತ ಬರೆದಿಟ್ಟ. ಈ ಮಾತು ಕೆರಿಬಿಯನ್ ದ್ವೀಪಗಳ ಸಕ್ಕರೆ ತೋಟದ ಧಣಿಗಳಿಗೆ ಬಲು ರುಚಿಸಿತು. ಅವರ ಕಬ್ಬಿನ ಗದ್ದೆಗಳಲ್ಲಿ ಆಫ್ರಿಕದಿಂದ ತಂದ ಗುಲಾಮರು ದುಡಿಯುತ್ತಿದ್ದರು. ನೆಲವೆಲ್ಲ ಕಬ್ಬಿಗೆ ಮೀಸಲು. ಊಟದ ಧಾನ್ಯ ಉತ್ತರ ಅಮೆರಿಕದಿಂದ ಬರಬೇಕು. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಆ ದಾರಿ ಕಟ್ಟಿಹೋಯಿತು. ಮೇಲೆ ಚಂಡಮಾರುತಗಳು ಬಂದೆರಗಿದವು. 1780ರಿಂದ 1787ರವರೆಗೆ ಜಮೈಕಾ ಒಂದರಲ್ಲೇ ಸುಮಾರು 15,000 ಗುಲಾಮರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರೆಂದು ಅಲ್ಲಿಯ ಶಾಸನಸಭೆಯೇ ಅಂದಾಜು ಮಾಡಿತು. ಕಬ್ಬಿನ ನೆಲವನ್ನು ಬಿಟ್ಟುಕೊಡದೆ ಹೊಟ್ಟೆ ತುಂಬಿಸುವ ಉಪಾಯ ಬೇಕಾಗಿತ್ತು. ಮರವೇ ರೊಟ್ಟಿ ಕೊಡುವುದಾದರೆ ಅದಕ್ಕಿಂತ ಅಗ್ಗದ್ದು ಇನ್ನೇನಿದೆ?

ಇಲ್ಲಿ ಓದುಗರು ನಮ್ಮ ಕಡೆಗೂ ಒಮ್ಮೆ ತಿರುಗಿ ನೋಡಬೇಕು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಯನ್ನು ಹಿಡಿಯಿತು. ಅದರಿಂದ ಹೊತ್ತಿದ ಮರಾಠಾ ಯುದ್ಧ 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ನಿಂತಿತು. ಅದೇ ವರ್ಷದ ಡಿಸೆಂಬರದಲ್ಲಿ 'ಬೌಂಟಿ' ಎಂಬ ಹಡಗು ವಿಲಿಯಂ ಬ್ಲೈ ಎಂಬ ನಾಯಕನೊಡನೆ ಇಂಗ್ಲೆಂಡಿನಿಂದ ತಹಿತಿಗೆ ಹೊರಟಿತು. ಅಲ್ಲಿ ಸಾವಿರಕ್ಕೂ ಮಿಕ್ಕಿ ಸಸಿಗಳನ್ನು ಕುಂಡಗಳಲ್ಲಿ ತುಂಬಿಕೊಂಡು ಮರಳುವಾಗ, 1789ರ ಏಪ್ರಿಲ್ 28ರಂದು ನಾವಿಕರು ದಂಗೆಯೆದ್ದರು. ಬ್ಲೈಯನ್ನೂ ಅವನ ಕಡೆಯ 18 ಜನರನ್ನೂ ಸಣ್ಣ ದೋಣಿಗೆ ಇಳಿಸಿ, ಸಸಿಗಳನ್ನು ಸಮುದ್ರಕ್ಕೆ ಎಸೆದರು. ಬ್ಲೈ ಬದುಕಿ ಊರು ಸೇರಿದ. 1791ರಲ್ಲಿ 'ಪ್ರಾವಿಡೆನ್ಸ್' ಎಂಬ ಹಡಗಿನೊಡನೆ ಮತ್ತೆ ಹೊರಟು, 1793ರ ಆರಂಭದಲ್ಲಿ ಸೇಂಟ್ ವಿನ್ಸೆಂಟಿಗೂ ಜಮೈಕಾಕ್ಕೂ ಸಸಿಗಳನ್ನು ಮುಟ್ಟಿಸಿದ.

ಆ ಹಡಗು ನೀರಿನ ಮೇಲಿದ್ದ 1791-92ರಲ್ಲೇ ನಮ್ಮ ಸೀಮೆಯಲ್ಲಿ ಡೋಗಿ ಬರ ಬಿತ್ತು. ಹೂಳುವವರಿಲ್ಲದೆ ತಲೆಬುರುಡೆಗಳು ಹೊಲದಲ್ಲಿ ಬಿದ್ದಿದ್ದವೆಂದೇ ಅದಕ್ಕೆ ಆ ಹೆಸರು. ಮಳೆ ಹೋಯಿತೆಂಬುದು ನಿಜ; ಆದರೆ ಧಾರವಾಡದ ಮುತ್ತಿಗೆಗೆಂದು ಬಂದ ಸೈನ್ಯಗಳು ಈ ನಾಡಿನ ಕಾಳುಕಡಿಯನ್ನು ತುಳಿದು ತಿಂದುಹೋದದ್ದೂ ಅಷ್ಟೇ ನಿಜ. ಅಲ್ಲಿ ಕಬ್ಬು, ಇಲ್ಲಿ ಕಾಳಗ. ಎರಡೂ ಕಡೆ ಹಸಿದವನು ಬೇರೆ, ಹಸಿವಿಗೆ ಕಾರಣನಾದವನು ಬೇರೆ.

ಇಷ್ಟು ಸಾಹಸದಿಂದ ತಂದ ಮರ ಜಮೈಕಾದಲ್ಲಿ ಸೊಂಪಾಗಿ ಬೆಳೆಯಿತು. ಆದರೆ ಯಾರಿಗಾಗಿ ತಂದರೋ ಅವರೇ ಅದನ್ನು ಮುಟ್ಟಲು ಒಲ್ಲೆನೆಂದರು. ತಮ್ಮ ಬಾಳೆಕಾಯಿ, ಗೆಣಸುಗಳೇ ಅವರಿಗೆ ಬೇಕು. ಬಹಳ ಕಾಲ ದೀವಿಹಲಸು ಹಂದಿಗಳ ಪಾಲಾಯಿತು. ಮೂರ್ಖರು, ಉಪಕಾರ ತಿಳಿಯದವರು ಎಂದು ಧಣಿಗಳು ಅವರನ್ನೇ ದೂರಿದರು. ಆದರೆ ಧಣಿಗಳು ತಂದದ್ದು ಮರವನ್ನು ಮಾತ್ರ. ಪೆಸಿಫಿಕ್ ದ್ವೀಪದವರು ನೆಲದಲ್ಲಿ ಗುಂಡಿ ತೋಡಿ, ಎಲೆ ಹಾಸಿ, ಕಾಯಿಯನ್ನು ಹುದುಗಿಸಿ ಕಷ್ಟಕಾಲಕ್ಕೆ ಕಾಪಿಡುತ್ತಿದ್ದರು. ನಮ್ಮವರು ಹಗೇವಿನಲ್ಲಿ ಜೋಳವನ್ನು ಕಾಪಿಟ್ಟಂತೆ. ಮರದ ಜೊತೆ ಆ ಗುಂಡಿ ಬರಲಿಲ್ಲ, ಆ ಒಲೆ ಬರಲಿಲ್ಲ, ಅಡುಗೆಯ ಹೆಂಗಸರ ಕೈಗುಣ ಬರಲಿಲ್ಲ.

1834ರಲ್ಲಿ ಗುಲಾಮಗಿರಿ ಕಾಯಿದೆಯಿಂದ ರದ್ದಾಗಿ, 1838ರಲ್ಲಿ ಪೂರ್ತಿ ಬಿಡುಗಡೆ ಸಿಕ್ಕಿತು. ಬಿಡುಗಡೆ ಹೊಂದಿದವರು ತಮ್ಮದೇ ತುಂಡು ನೆಲದಲ್ಲಿ ಗುಡಿಸಲು ಕಟ್ಟಿಕೊಂಡರು. ಹಿತ್ತಿಲಲ್ಲಿದ್ದ ಮರ ಈಗ ಯಾರ ಆಜ್ಞೆಯೂ ಆಗಿರಲಿಲ್ಲ. ಮೆಲ್ಲಮೆಲ್ಲಗೆ ಅದು ಅವರ ಒಲೆಗೆ ಏರಿತು. ಇಡೀ ಕಾಯಿಯನ್ನು ಕೆಂಡದ ಮೇಲಿಟ್ಟು, ಸಿಪ್ಪೆ ಕರ್ರಗಾಗುವವರೆಗೆ ಹೊರಳಿಸಿ ಸುಡುತ್ತಾರೆ. ನಾವು ಬದನೆಕಾಯಿ ಸುಡುವ ರೀತಿಯೇ. ಸಿಪ್ಪೆ ತೆಗೆದರೆ ಒಳಗೆ ಹಬೆಯಾಡುವ ಮೆತ್ತನೆಯ ತಿರುಳು; ಅದಕ್ಕೆ ಬೆಣ್ಣೆ ಸವರುವುದೂ ಉಂಟು, ಉಪ್ಪುಮೀನಿನೊಡನೆ ತಿನ್ನುವುದೂ ಉಂಟು. ಗ್ರೆನೇಡಾದಲ್ಲಿ ದೀವಿಹಲಸಿನ ಹೋಳು, ಉಪ್ಪು ಹಾಕಿದ ಮಾಂಸ, ಕೆಸುವಿನ ಎಲೆ, ಅರಿಸಿನ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಅಡುಕಿ, ತೆಂಗಿನ ಹಾಲು ಸುರಿದು, ಹಾಲೆಲ್ಲ ಇಂಗಿ ತಳದಲ್ಲಿ ಎಣ್ಣೆ ನಿಲ್ಲುವವರೆಗೆ ಬೇಯಿಸುತ್ತಾರೆ. ಎಣ್ಣೆ ಇಳಿಯುವುದರಿಂದಲೇ ಆ ಅಡುಗೆಗೆ 'ಆಯಿಲ್ ಡೌನ್' ಎಂಬ ಹೆಸರು. ಅದು ಇಂದು ಆ ದೇಶದ ರಾಷ್ಟ್ರೀಯ ಭಕ್ಷ್ಯ. ಕೆಸುವು, ಅರಿಸಿನ, ತೆಂಗು! ನಮ್ಮ ಕರಾವಳಿಯ ಗೃಹಿಣಿ ಆ ಪಾತ್ರೆಯೊಳಗೆ ಇಣುಕಿದರೆ, ಮಾಂಸವೊಂದನ್ನು ಬಿಟ್ಟು ಉಳಿದವರ ಪರಿಚಯ ಕೇಳಬೇಕಾಗಿಯೇ ಇಲ್ಲ.

ನಮ್ಮ ಹಲಸೂ ಆ ದ್ವೀಪಗಳಿಗೆ ಹೋಗಿದೆ. 1782ರಲ್ಲಿ ಇಂಗ್ಲಿಷರು ಹಿಡಿದ ಒಂದು ಫ್ರೆಂಚ್ ಹಡಗಿನಲ್ಲಿದ್ದ ಸಸಿಗಳಿಂದ ಮಾವು, ಹಲಸುಗಳೆರಡೂ ಜಮೈಕಾದಲ್ಲಿ ಬೇರೂರಿದವು. ಮುಂದೆ, ಗುಲಾಮಗಿರಿ ಹೋದ ಮೇಲೆ, ಅದೇ ಕಬ್ಬಿನ ಗದ್ದೆಗಳಿಗೆ ಕರಾರಿನ ಕೂಲಿಗಳಾಗಿ ನಮ್ಮ ದೇಶದವರೇ ಹೋದರು. 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡಿಗೆ. ಬಹುಪಾಲು ಬಿಹಾರ ಮತ್ತು ಪೂರ್ವ ಉತ್ತರಪ್ರದೇಶದ ಬಡವರು. ಅಲ್ಲಿ ಅವರು ದೀವಿಹಲಸಿನ ಇನ್ನೊಬ್ಬ ದಾಯಾದಿಯನ್ನು ಕಂಡರು: ಹೊರಗೆ ಮುಳ್ಳು, ಒಳಗೆ ತುಂಬ ಬೀಜ. ನೋಡಿದೊಡನೆ ಊರಿನ ಹಲಸು ನೆನಪಾಗಿರಬೇಕು. ಹಲಸಿಗೆ ತಮ್ಮ ಭೋಜಪುರಿಯಲ್ಲಿದ್ದ 'ಕಟಹರ್' ಎಂಬ ಹೆಸರನ್ನೇ ಗಯಾನಾದಲ್ಲಿ ಆ ಕಾಯಿಗೆ ಇಟ್ಟರು. ಟ್ರಿನಿಡಾಡಿನಲ್ಲಿ ಅದಕ್ಕೆ ಫ್ರೆಂಚ್ ಮೂಲದ 'ಶತೇನ್' ಎಂಬ ಹೆಸರು ನಿಂತಿತು. ಮಸಾಲೆ, ತೆಂಗಿನ ಹಾಲು ಹಾಕಿ ಮಾಡಿದ ಅದರ ಪಲ್ಯ ಅಲ್ಲಿಯ ಹಿಂದೂ ಮದುವೆಗಳಲ್ಲಿ ಇಂದಿಗೂ ಎಲೆಯ ಮೇಲೆ ಬಡಿಸಲ್ಪಡುತ್ತದೆ.

ಈ ಇತಿಹಾಸ ಓದುವಾಗಲೆಲ್ಲ ನನಗೆ ನೆನಪಾಗುವುದು ಮೈಲೋ ಜೋಳ. 1965-66ರಲ್ಲಿ ಮಳೆ ಕೈಕೊಟ್ಟು ದೇಶ ಕಂಗಾಲಾದಾಗ ಪಿ. ಎಲ್. 480 ಕರಾರಿನಂತೆ ಅಮೆರಿಕದಿಂದ ಧಾನ್ಯ ಬಂತು. ನಮ್ಮ ಪಾಲಿಗೆ ಬಂದದ್ದು ಕೆಂಪು ಜೋಳ. ಆ ದೇಶದಲ್ಲಿ ದನಕರುಗಳ ಮೇವು. ಅವ್ವ ಅದನ್ನು ಬೀಸಿ ಬಡಿದರೆ ರೊಟ್ಟಿ ಕೈಯಲ್ಲೇ ಬಿರಿಯುತ್ತಿತ್ತು. ಅಜ್ಜಿ ಅದನ್ನು ಉಣ್ಣಲಿಲ್ಲವೆಂದಲ್ಲ, ಉಂಡಳು. ಆದರೆ ಮನೆಗೆ ಬೀಗರು ಬಂದ ದಿನ, ಡಬ್ಬಿಯ ತಳದಲ್ಲಿದ್ದ ಬಿಳಿಜೋಳದ ಹಿಟ್ಟನ್ನೇ ಕೆರೆದು ತೆಗೆದು ಅವರಿಗೆ ರೊಟ್ಟಿ ಮಾಡಿಸಿದಳು. ತಾನು ಅರೆಹೊಟ್ಟೆ ಮಲಗಿದಳು. "ಮೈಲೋ ರೊಟ್ಟೀನ ಹಾಕಬಹುದಿತ್ತಲ್ಲ, ಆಯಿ?" ಎಂದೆ. "ಹಸದವ್ರಿಗೆ ಹಾಕಿದ್ದು ಕೂಳು ಮಗಾ, ಬಂದವ್ರಿಗೆ ನೀಡೂದು ಊಟ. ಎರಡೂ ಒಂದ ಅಲ್ಲ" ಎಂದಳು.

ಆಗ ನನಗೆ ಅದು ಮುದುಕಿಯ ಬಿಂಕವೆನಿಸಿತ್ತು. ಹೊಟ್ಟೆಗಿಲ್ಲದಾಗ ಇಷ್ಟು ಮಾನವೇತಕ್ಕೆ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಜಮೈಕಾದ ಧಣಿಗಳಿಗೂ ನನಗೂ ಆ ಗಳಿಗೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲವೆಂಬುದು ತಿಳಿಯಲು ಅರ್ಧ ಆಯುಷ್ಯ ಬೇಕಾಯಿತು. ಮೈಲೋ ಬಾರದಿದ್ದರೆ ಎಷ್ಟೋ ಜನ ಸಾಯುತ್ತಿದ್ದರು. ಆ ಉಪಕಾರ ಸುಳ್ಳಲ್ಲ. ಆದರೆ ಅಜ್ಜಿ ತೂಗಿದ ತಕ್ಕಡಿಯೂ ಸುಳ್ಳಲ್ಲ. ಆ ತಕ್ಕಡಿಯಲ್ಲೇ ತೂಗಿದರೆ, ದೀವಿಹಲಸು ಕೆರಿಬಿಯನ್ನಿಗೆ ಬಂದದ್ದು 1793ರಲ್ಲಲ್ಲ. ಬಿಡುಗಡೆ ಹೊಂದಿದ ಯಾವಳೋ ತಾಯಿ ತನ್ನ ಕೆಂಡದ ಮೇಲೆ ಸುಟ್ಟ ಕಾಯಿಯನ್ನು ಮನೆಗೆ ಬಂದವರಿಗೆ ಮುರಿದುಕೊಟ್ಟ ದಿನ ಅದು ಅಲ್ಲಿಗೆ ಬಂತು.

ನಮ್ಮ ಮನೆಗೂ ಅದು ಹಾಗೆಯೇ ಬಂತಲ್ಲವೆ? ಮಾಸ್ತರರು ನಮ್ಮ ಹಸಿವನ್ನು ಅಳೆದು ಕೊಡಲಿಲ್ಲ. ನೆರೆಯವರೆಂದು ಕೊಟ್ಟರು, ಮಾಡುವ ಬಗೆಯನ್ನೂ ಕಲಿಸಿದರು. ಮರುವಾರ ಅವ್ವ ಅವರ ಮನೆಗೆ ಬಿಳಿಜೋಳದ ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಳಿಸಿದಳು.