ನಮ್ಮ ಗಣಿಯೂರಿಗೊಂದು ಚರಿತ್ರೆಯ ಮನೆ

ಪ್ರತಿಯೊಂದು ಊರಿಗೂ ಎರಡು ಬಗೆಯ ಚರಿತ್ರೆಯುಂಟು. ಸರ್ಕಾರದ ಕಡತಗಳಲ್ಲಿಯೂ ಕಂಪನಿಗಳ ಲೆಕ್ಕಪುಸ್ತಕಗಳಲ್ಲಿಯೂ ಬರೆದಿಟ್ಟದ್ದು ಒಂದು. ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ, ಗೋಡೆಯ ಪಟದಲ್ಲಿ, ಹಿರಿಯರ ಮಾತಿನಲ್ಲಿ ಉಳಿದು ಬಂದದ್ದು ಇನ್ನೊಂದು. ಮೊದಲನೆಯದನ್ನು ಕಾಯಲು ಕಚೇರಿಗಳಿವೆ, ಗುಮಾಸ್ತರಿದ್ದಾರೆ. ಎರಡನೆಯದನ್ನು ಕಾಯುವ ಹೊಣೆ ಆ ಊರಿನವರದೇ. ನಮ್ಮ ದೇವಾಲಯದ ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ನಮ್ಮನ್ನು ಹೆತ್ತು ಹೊತ್ತ ಈ ಗಣಿಯೂರಿನ ಎರಡನೆಯ ಚರಿತ್ರೆಯ ವಿಚಾರವಾಗಿ ನಾಲ್ಕು ಮಾತುಗಳನ್ನು ವಾಚಕ ಬಾಂಧವರ ಮುಂದಿಡಬಯಸುತ್ತೇವೆ. ಊರಿನ ಚರಿತ್ರೆಗೆಂದೇ ಮೀಸಲಾದ ಒಂದು ವಸ್ತುಸಂಗ್ರಹಾಲಯವು ಇಲ್ಲಿ ಹೇಗಿರಬೇಕು, ಅದಕ್ಕಾಗಿ ನಾವೇನು ಮಾಡಬಹುದು ಎಂಬುದೇ ಈ ಲೇಖನದ ವಿಷಯ.

ಪೂರ್ವಿಕರು ಕಟ್ಟಿದ ಊರು

ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಇವೆಲ್ಲ ಕೂಡಿದ ಕೋಲಾರದ ಚಿನ್ನದ ಗಣಿ ಪ್ರದೇಶವು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ೧೮೦೨ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು, ಊರಿಗಾಂ ಮತ್ತು ಮಾರಿಕುಪ್ಪಂ ಸುತ್ತಲಿನ ಜನರು ಮಣ್ಣನ್ನು ತೊಳೆದು ಬಂಗಾರದ ಕಣಗಳನ್ನು ತೆಗೆಯುತ್ತಿದ್ದುದನ್ನು ಕಂಡು ಬರೆದಿಟ್ಟನು. ಆ ವರದಿಯನ್ನು ಬಹುಕಾಲದ ಮೇಲೆ ಓದಿದ ಲವೆಲ್ ಎಂಬ ಐರಿಷ್ ಸೈನಿಕನು ೧೮೭೦ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಗೆತಕ್ಕೆ ಕೈಹಾಕಿದನು. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಗೆ ಗಣಿಗಳು ಬಂದು, ಚಾಂಪಿಯನ್ ಲೋಡ್ ಎಂಬ ಸಮೃದ್ಧವಾದ ಬೆಣಚುಕಲ್ಲಿನ ಪದರವು ದೊರೆತ ಮೇಲೆ ಈ ಬಂಜರು ನೆಲದ ಭಾಗ್ಯವೇ ಬದಲಾಯಿತು.

ಮುಂದಿನದು ಬಹುಮಂದಿಗೆ ತಿಳಿದ ಸಂಗತಿ. ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ೧೮೯೪ರಲ್ಲಿ ಗಣಿಗಳಿಗೆ ರೈಲುಮಾರ್ಗ ಬಂದಿತು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರ ತಂತಿಯೆಳೆದು ವಿದ್ಯುಚ್ಛಕ್ತಿಯನ್ನು ತರಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗುವುದಕ್ಕೆ ಮೂರು ವರ್ಷ ಮೊದಲೇ ನಮ್ಮ ಗಣಿಗಳ ಯಂತ್ರಗಳು ಆ ಶಕ್ತಿಯಿಂದ ತಿರುಗತೊಡಗಿದ್ದವು. ಪಾಲಾರ್ ನದಿಯ ನೀರು ಬೇತಮಂಗಲದ ಕೆರೆಯಿಂದ ಇಲ್ಲಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗೂ ಮೀರಿದ ಆಳವನ್ನು ಮುಟ್ಟಿ ಲೋಕದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು.

ಆದರೆ ಆ ಆಳಕ್ಕೆ ಇಳಿದವರು ಯಾರು? ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬರಗಾಲಕ್ಕೂ ಬಡತನಕ್ಕೂ ಬೆನ್ನು ತೋರಿಸಿ ಬಂದ ಕೂಲಿಜನರು. ಅವರಲ್ಲಿ ಬಹುಪಾಲಿನವರು ಸಮಾಜವು ದೂರವಿಟ್ಟಿದ್ದ ಕುಲಗಳವರು. ಬಂಡೆಯೇ ೬೦ ಡಿಗ್ರಿಗೂ ಮಿಕ್ಕಿ ಕಾಯುತ್ತಿದ್ದ ತಳದಲ್ಲಿ ಅವರು ದುಡಿದರು. ಶಿಲೆಯು ಒತ್ತಡ ತಾಳಲಾರದೆ ಸಿಡಿದಾಗ ಮೇಲಿನ ಮನೆಗಳ ಪಾತ್ರೆಪಡಗಗಳು ಅಲುಗುತ್ತಿದ್ದವು. ಕೆಳಗೆ ಇದ್ದವರ ಹೆಂಡತಿ ಮಕ್ಕಳ ಎದೆ ಅದಕ್ಕಿಂತ ಹೆಚ್ಚು ಅಲುಗುತ್ತಿದ್ದಿತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಮನೆಮಾಡಿ ಅನೇಕರ ಆಯುಸ್ಸನ್ನು ಮೊಟಕುಗೊಳಿಸಿತು. ೧೯೩೦ರಲ್ಲಿ ಬೆರಳಚ್ಚು ಕೊಡಬೇಕೆಂಬ ಕಟ್ಟಳೆ ಬಂದಾಗ, ತಾವು ಕಳ್ಳರಲ್ಲವೆಂದು ಸಾರಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಹೊಟ್ಟೆಪಾಡಿಗೆ ಬಂದವರು ಮಾನವನ್ನು ಮಾರಿಕೊಳ್ಳಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೧೯೫೬ರಲ್ಲಿ ಮೈಸೂರು ರಾಜ್ಯವೂ, ೧೯೬೨ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಬಂಗಾರವನ್ನು ಹೊರತೆಗೆದ ಊರಿನಲ್ಲಿ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು, ಸಾಲು ಸಾಲು ಲೈನ್ ಮನೆಗಳು, ಮತ್ತು ಮುಂಜಾನೆಯ ರೈಲನ್ನೇರಿ ಬೆಂಗಳೂರಿಗೆ ದುಡಿಯಲು ಹೋಗುವ ಮಕ್ಕಳು.

ಬೇರೆಯವರು ಮಾಡಿ ತೋರಿಸಿದ್ದು

ಇಂಥ ಊರಿಗೆ ವಸ್ತುಸಂಗ್ರಹಾಲಯವೇಕೆ, ಮೊದಲು ಉದ್ಯೋಗ ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ. ಅನ್ನಕ್ಕೆ ಬದಲಾಗಿ ನೆನಪನ್ನು ಬಡಿಸಲಾಗದು. ಆದರೂ ತನ್ನವರ ದುಡಿಮೆಗೆ ಬೆಲೆಯುಂಟೆಂದು ಅರಿಯದ ಮಗು ತನ್ನ ಬೆಲೆಯನ್ನೂ ಅರಿಯದು. ನಾಡಿನಲ್ಲಿ ಈ ಕಾರ್ಯವನ್ನು ಕೈಗೊಂಡವರ ಮೂರು ಉದಾಹರಣೆಗಳನ್ನು ಇಲ್ಲಿ ಸ್ಮರಿಸುವುದು ಉಚಿತ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ‘ಅಲೋಶಿಯಂ’ ಎಂಬ ವಸ್ತುಸಂಗ್ರಹಾಲಯವಿದೆ. ಇಟಲಿಯಿಂದ ಬಂದ ಯೇಸುಸಭೆಯ ಗುರುಗಳಾದ ಕಿಯಾಪಿ ಸ್ವಾಮಿಗಳು ೧೯೧೩ರಲ್ಲಿ ಅದನ್ನು ಆರಂಭಿಸಿದರು. ಕಡಪದಲ್ಲಿ ಕಲೆಕ್ಟರಾಗಿದ್ದ ಡೆನ್‌ಹ್ಯಾಮ್ ವೆಬ್ ಎಂಬವರು ಕೂಡಿಸಿದ್ದ ಕಲ್ಲು ಖನಿಜಗಳೇ ಅದರ ಮೊದಲ ಬಂಡವಾಳ. ಮುಂದೆ ಊರವರು ಒಂದೊಂದಾಗಿ ವಸ್ತುಗಳನ್ನು ಒಪ್ಪಿಸಿದರು. ಮಂಗಳೂರಿನ ರಸ್ತೆಗಿಳಿದ ಹಳೆಯ ಮೋಟಾರು ಕಾರು ಸಹ ಹೀಗೆ ಕಾಣಿಕೆಯಾಗಿ ಬಂದು ಅಲ್ಲಿ ನಿಂತಿದೆ. ಕಲ್ಲುಗಳಿಂದ ಆರಂಭವಾದದ್ದು ಊರಿನ ನೆನಪಿನ ಭಂಡಾರವಾಗಿ ಬೆಳೆಯಿತು.

ಎರಡನೆಯದು ಬಂಟ್ವಾಳದ್ದು. ಇತಿಹಾಸದ ಅಧ್ಯಾಪಕರಾದ ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನು ಸ್ಥಾಪಿಸಿ, ತುಳುನಾಡಿನ ಮನೆಗಳಲ್ಲಿ ಮೂಲೆಗೆ ಸೇರಿದ್ದ ನೇಗಿಲು, ಸೇರು, ದೀಪ, ಅಡುಗೆಯ ಪಾತ್ರೆ ಮುಂತಾದುವನ್ನು ಕೂಡಿಸಿದರು. ರಾಜರ ಕಿರೀಟ ಖಡ್ಗಗಳಿಗಿಂತ ಒಕ್ಕಲಿನ ಮನೆಯ ಒನಕೆಗೆ ಅಲ್ಲಿ ಹೆಚ್ಚಿನ ಮಾನ. ಸಾಮಾನ್ಯರ ಬದುಕೂ ಚರಿತ್ರೆಯೆಂಬುದನ್ನು ಆ ಸಣ್ಣ ಪಟ್ಟಣದ ಸಂಗ್ರಹವು ನಮಗೆ ಕಲಿಸುತ್ತದೆ.

ಮೂರನೆಯದು ರಾಮನಗರದ ಬಳಿಯ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ೧೯೯೪ರಲ್ಲಿ ಲೋಕಾರ್ಪಣೆಗೊಳಿಸಿದ ಈ ಸಂಸ್ಥೆಯು ವಸ್ತುಗಳನ್ನು ಗಾಜಿನ ಹಿಂದಿರಿಸಿ ಸುಮ್ಮನಾಗಲಿಲ್ಲ. ಹಾಡುವವರನ್ನು ಕರೆಸಿ ಹಾಡಿಸಿತು, ಕುಣಿಯುವವರನ್ನು ಕುಣಿಸಿತು, ಹಾಡುಗಳನ್ನು ಧ್ವನಿಮುದ್ರಿಸಿಟ್ಟಿತು, ಎಳೆಯರಿಗೆ ತರಬೇತಿ ಕೊಟ್ಟಿತು. ಜನರು ಬಂದು ಹೋಗುವ, ಕೈಕೂಡಿಸುವ ಜಾಗವಾಗದ ಹೊರತು ಇಂಥ ಮನೆಗೆ ಜೀವಕಳೆ ಬಾರದೆಂಬುದನ್ನು ಅದು ತೋರಿಸಿತು.

ಕಡಲಾಚೆಯ ಒಂದು ಮಾತನ್ನೂ ಸೇರಿಸಬೇಕು. ನಮ್ಮ ಗಣಿಗಳಲ್ಲಿ ಮೇಲ್ವಿಚಾರಕರಾಗಿ ದುಡಿದ ಅನೇಕ ಆಂಗ್ಲರು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರದ ಗಣಿಗಳಿಂದ ಬಂದವರು. ಆ ಸೀಮೆಯ ಗೀವರ್ ಎಂಬ ಗಣಿಯು ೧೯೯೦ರಲ್ಲಿ ಮುಚ್ಚಿತು. ಮೂರೇ ವರ್ಷಗಳಲ್ಲಿ, ೧೯೯೩ರಲ್ಲಿ, ಅದು ವಸ್ತುಸಂಗ್ರಹಾಲಯವಾಗಿ ಮತ್ತೆ ಬಾಗಿಲು ತೆರೆಯಿತು. ಗಣಿಯಲ್ಲಿ ದುಡಿದವರೇ ಬಂದವರನ್ನು ಕರೆದೊಯ್ದು ತಮ್ಮ ಕೆಲಸವನ್ನು ತೋರಿಸಿ ವಿವರಿಸಿದರು. ೨೦೦೬ರಲ್ಲಿ ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್ನಿನ ಗಣಿ ಪ್ರದೇಶಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಯ ಗಣಿಗಾರರಿಗೆ ಸಂದ ಗೌರವಕ್ಕೆ ಇಲ್ಲಿಯ ಗಣಿಗಾರರು ಅನರ್ಹರೇ?

ಸಾಕ್ಷಿಗಳಿರುವಾಗಲೇ

ಇಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಬರುತ್ತದೆ. ಕಟ್ಟಡವನ್ನು ಹತ್ತು ವರ್ಷ ತಡವಾಗಿಯಾದರೂ ಕಟ್ಟಬಹುದು. ಸಾಕ್ಷಿಗಳನ್ನು ತಡವಾಗಿ ಕೂಡಿಸಲಾಗದು. ಗಣಿ ಮುಚ್ಚಿದಾಗ ಇಪ್ಪತ್ತೈದು ವರ್ಷದವನಾಗಿದ್ದ ಯುವಕನಿಗೆ ಈಗ ಐವತ್ತರ ಆಸುಪಾಸು. ಅಂದು ನಲವತ್ತೈದು ದಾಟಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಆಳದ ಹಂತಗಳಲ್ಲಿ ಮರದ ಆಸರೆ ಕೊಟ್ಟವರು, ಕೇಜನ್ನು ಇಳಿಸಿ ಏರಿಸಿದವರು, ಬಂಡೆಗೆ ಡ್ರಿಲ್ ಹಿಡಿದವರು ವರ್ಷ ವರ್ಷಕ್ಕೂ ನಮ್ಮನ್ನಗಲಿ ಹೋಗುತ್ತಿದ್ದಾರೆ. ಅವರು ಹೋದ ಮೇಲೆ ತಲೆಯ ದೀಪವೊಂದನ್ನು ಮೇಜಿನ ಮೇಲಿಟ್ಟರೆ ಅದು ಬರಿಯ ದೀಪ. ಅದನ್ನು ತೊಟ್ಟವರು ಎದುರಿಗೆ ನಿಂತು, ಬ್ಯಾಟರಿ ಸೊಂಟದ ಮೇಲೆ ಎಷ್ಟು ಭಾರವಾಗಿದ್ದಿತು, ದೀಪ ಆರಿದಾಗ ಏನು ಮಾಡುತ್ತಿದ್ದೆವು ಎಂದು ಹೇಳಿದಾಗಲೇ ಅದು ಚರಿತ್ರೆ.

ಈ ಆತುರಕ್ಕೆ ಇನ್ನೊಂದು ಕಾರಣವೂ ಉಂಟು. ೨೦೧೮ ಮತ್ತು ೨೦೨೨ರಲ್ಲಿ ಬಿಡುಗಡೆಯಾದ ‘ಕೆ.ಜಿ.ಎಫ್.’ ಚಲನಚಿತ್ರಗಳಿಂದ ನಮ್ಮೂರಿನ ಹೆಸರು ದೇಶ ವಿದೇಶಗಳಲ್ಲಿ ಮೊಳಗಿತು. ಅವುಗಳ ಕಥೆ ಕಲ್ಪಿತವಾದುದು, ಅದರಲ್ಲಿ ತಪ್ಪೇನಿಲ್ಲ. ಆದರೆ ನಿಜವಾದ ಸಂಗತಿಯನ್ನು ಹೇಳುವ ಜಾಗವೊಂದು ಇಲ್ಲದಿದ್ದರೆ ನಮ್ಮ ಮೊಮ್ಮಕ್ಕಳೇ ಕಲ್ಪಿತವನ್ನು ನಿಜವೆಂದು ನಂಬಿಯಾರು. ೧೯೬೫ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಕೂಡಿ, ಭೂಮಿಯ ವಾಯುಮಂಡಲದಲ್ಲಿ ಹುಟ್ಟಿ ಬರುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಕುರುಹನ್ನು ನಮ್ಮ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಕಂಡರು. ಲೋಕದಲ್ಲಿಯೇ ಮೊದಲ ಸಾಲಿಗೆ ಸೇರುವ ಆ ಸಾಧನೆಯನ್ನು ನಮ್ಮ ಶಾಲೆಗಳ ಎಷ್ಟು ಮಕ್ಕಳು ಬಲ್ಲರು?

ದೇವಾಲಯದ ದಾಖಲೆಗಳು

ಧರ್ಮಕೇಂದ್ರಕ್ಕೂ ಈ ವಿಚಾರಕ್ಕೂ ಏನು ಸಂಬಂಧವೆಂದು ಕೇಳಬಹುದು. ಕಂಪನಿಯ ಲೆಕ್ಕದಲ್ಲಿ ಕೂಲಿಯವನು ಒಂದು ಸಂಖ್ಯೆಯಾಗಿದ್ದನು. ದೇವಾಲಯದ ಪುಸ್ತಕದಲ್ಲಿ ಅವನಿಗೆ ಹೆಸರಿದ್ದಿತು. ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನ ತಂದೆತಾಯಿಯರ ಹೆಸರು, ಸ್ಥಳ, ದಿನಾಂಕ, ಸಂಸ್ಕಾರವನ್ನಿತ್ತ ಗುರುಗಳ ಹೆಸರು ಇವೆಲ್ಲವನ್ನೂ ಬರೆಯಬೇಕೆಂಬುದು ಧರ್ಮಸಭೆಯ ನಿಯಮ. ವಿವಾಹಕ್ಕೆ ಒಂದು ಪುಸ್ತಕ, ಮರಣಕ್ಕೆ ಒಂದು ಪುಸ್ತಕ. ದೊಡ್ಡ ಅಧಿಕಾರಿಯ ಮಗುವಿಗೂ ಲೈನ್ ಮನೆಯ ಮಗುವಿಗೂ ಅಲ್ಲಿ ಒಂದೇ ಸಾಲು, ಒಂದೇ ಶಾಯಿ. ಸೀಮೆ ಬಿಟ್ಟು ಬಂದ ಕುಟುಂಬವೊಂದು ಎಂದು ಇಲ್ಲಿ ಬೇರು ಬಿಟ್ಟಿತೆಂಬುದನ್ನು ತಿಳಿಯಲು ಎಷ್ಟೋ ಮಂದಿಗೆ ಇದೊಂದೇ ಆಧಾರ. ಸ್ಮಶಾನದ ಶಿಲುಬೆಗಳ ಮೇಲಣ ಬರಹಗಳೂ ಇಂಥವೇ. ಮಳೆಗಾಳಿಗೆ ಅವು ದಿನೇ ದಿನೇ ಸವೆಯುತ್ತಿವೆ.

ಈ ಪುಸ್ತಕಗಳು ಪ್ರದರ್ಶನದ ವಸ್ತುಗಳಲ್ಲ. ಅವುಗಳಲ್ಲಿ ಕುಟುಂಬಗಳ ಗುಟ್ಟುಗಳೂ ಇರುವುದರಿಂದ ಧರ್ಮಕೇಂದ್ರದ ಗುರುಗಳ ಅನುಮತಿಯಿಲ್ಲದೆ ಮುಟ್ಟತಕ್ಕವಲ್ಲ. ಆದರೆ ಗೆದ್ದಲು ಮತ್ತು ತೇವದಿಂದ ಅವನ್ನು ಕಾಪಾಡಿ, ಅತಿ ಹಳೆಯವುಗಳ ಛಾಯಾಪ್ರತಿ ತೆಗೆದಿರಿಸುವುದು ಪುಣ್ಯದ ಕೆಲಸ.

ನಾವು ಮಾಡಬಹುದಾದದ್ದು

ದೊಡ್ಡ ಹಣಕ್ಕಾಗಿಯೋ ಸರ್ಕಾರದ ಆಜ್ಞೆಗಾಗಿಯೋ ಕಾಯದೆ ಆರಂಭಿಸಬಹುದಾದ ಕೆಲಸಗಳು ಕೆಲವಿವೆ. ಒಂದು ಕೋಣೆ, ಎರಡು ಬೀರು, ಬೀಗದ ಕೈಗೆ ಒಬ್ಬ ನಂಬಿಕಸ್ತರು ಇದ್ದರೆ ಆರಂಭಕ್ಕೆ ಸಾಕು. ತಿಂಗಳಿಗೊಂದು ಭಾನುವಾರ ಪೂಜೆಯ ತರುವಾಯ ಹಿರಿಯ ಗಣಿಗಾರರೊಬ್ಬರನ್ನು ಕೂರಿಸಿ ಅವರ ಮಾತನ್ನು ಯುವಕ ಸಂಘದವರು ಧ್ವನಿಮುದ್ರಿಸಿಕೊಳ್ಳಲಿ. ಗಂಡ ಪಾಳಿಗೆ ಹೋದಾಗ ಮನೆ ನಡೆಸಿದ ತಾಯಂದಿರ ಮಾತನ್ನೂ ಮರೆಯದಿರಲಿ. ಮನೆಗಳಲ್ಲಿರುವ ಹಳೆಯ ಪಟಗಳನ್ನು ತರಿಸಿ, ಅವುಗಳಲ್ಲಿರುವವರ ಗುರುತು ಹಿಡಿದು ಹೆಸರು ಬರೆದು, ಪ್ರತಿ ತೆಗೆದುಕೊಂಡು ಮೂಲವನ್ನು ಮನೆಯವರಿಗೇ ಹಿಂದಿರುಗಿಸಲಿ. ಕೊಟ್ಟವರ ಹೆಸರು, ವಸ್ತುವಿನ ಬಳಕೆ, ಬಂದ ದಿನ ಇವನ್ನು ಒಂದು ಪುಸ್ತಕದಲ್ಲಿ ತಪ್ಪದೆ ಬರೆಯಲಿ. ಬರೆಯದ ವಸ್ತು ಹತ್ತು ವರ್ಷದಲ್ಲಿ ಗುಜರಿಯಾಗುತ್ತದೆ.

ವಿವರಣೆಯ ಫಲಕಗಳು ಕನ್ನಡದಲ್ಲಿಯೂ, ಇಲ್ಲಿಯ ಹೆಚ್ಚಿನ ಮನೆಗಳ ಮಾತಾದ ತಮಿಳಿನಲ್ಲಿಯೂ, ತೆಲುಗು ಇಂಗ್ಲಿಷುಗಳಲ್ಲಿಯೂ ಇರಲಿ. ಗಣಿಯ ತಳದಲ್ಲಿ ಈ ಭಾಷೆಗಳವರು ಒಂದೇ ಕೇಜಿನಲ್ಲಿ ಇಳಿದವರು. ಅಂತೆಯೇ ಇದು ಕ್ರೈಸ್ತರಿಗಷ್ಟೇ ಮೀಸಲಾಗದಿರಲಿ. ಹಿಂದೂ, ಮುಸಲ್ಮಾನ, ಬೌದ್ಧ ಬಾಂಧವರ ಮನೆಗಳಿಂದಲೂ ವಸ್ತುಗಳು ಬಂದು ಸೇರಲಿ. ಯೂರೋಪಿನ ಕಥೋಲಿಕ ಗಣಿಗಾರರು ಸಂತ ಬಾರ್ಬರಾಳನ್ನು ತಮ್ಮ ಪಾಲಕಿಯೆಂದು ಗೌರವಿಸಿ ಡಿಸೆಂಬರ್ ೪ರಂದು ಅವಳ ಹಬ್ಬವನ್ನು ಆಚರಿಸುತ್ತಾರೆ. ಆ ದಿನವನ್ನು ನಾವೂ ಗಣಿಯಲ್ಲಿ ಮಡಿದವರ ಸ್ಮರಣೆಗೆ ಮೀಸಲಿಟ್ಟು, ಶಾಲೆಯ ಮಕ್ಕಳನ್ನು ಹಿರಿಯರೊಡನೆ ಊರಿನ ಹಳೆಯ ಜಾಗಗಳಿಗೆ ಕರೆದೊಯ್ದರೆ ಎಷ್ಟು ಚೆನ್ನ!

ಬಂಗಾರವು ನಮ್ಮೂರಿನಲ್ಲಿ ನಿಲ್ಲಲಿಲ್ಲ. ತೆಗೆದವರ ಕೊರಳಿಗೂ ಅದು ಬರಲಿಲ್ಲ. ಆದರೆ ಅದನ್ನು ತೆಗೆದ ಕೈಗಳ ಕಥೆಯನ್ನು ಯಾವ ರೈಲೂ ಹೊತ್ತೊಯ್ದಿಲ್ಲ. ಅದು ಇನ್ನೂ ನಮ್ಮ ಮನೆಗಳಲ್ಲಿಯೇ ಇದೆ. ನೂರು ವರ್ಷ ಕಾಪಾಡಿದ ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುವ ಈ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಟ್ರಂಕನ್ನೊಮ್ಮೆ ತೆರೆದು ನೋಡಲಿ, ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತು ಕೇಳಲಿ, ಕೇಳಿದ್ದನ್ನು ಬರೆದಿಡಲಿ ಎಂಬುದೇ ನಮ್ಮ ವಿನಮ್ರ ಬಿನ್ನಹ.