ಕೊಂಡವಾಡದ ವಹಿಯಲ್ಲಿ ಇಲ್ಲದ ಹೆಸರು

ಕೊಪ್ಪಳದ ಚರಿತ್ರೆ ಅಂತ ಸಾಲಿಯಲ್ಲಿ ನಮಗೆ ಕಲಿಸಿದ್ದು ಎರಡೇ. ಒಂದು, ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನ. ಇನ್ನೊಂದು, 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯ. ಆ ಗುಂಡಿನ ನೆರಳಿನಲ್ಲಿ ದನ ಬಿಟ್ಟುಕೊಂಡು ಕುಂತವರ ಚರಿತ್ರೆಯನ್ನು ಯಾರೂ ಹೇಳಲಿಲ್ಲ. ನಾವು ಆ ಕುಂತವರ ಮಕ್ಕಳು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಗೌಡರ ದನ ಕಾಯಲು ನಮ್ಮ ಕೇರಿಗಳಿಂದ ಹುಡುಗರು ಜೀತಕ್ಕೆ ಹೋದರು. ಬೇಸಿಗೆಗೆ ಹೊಲ ಬರಿದಾದಾಗ ದನ ಎಲ್ಲಿಗೆ ಹೋಗಬೇಕು? ಗುಡ್ಡಕ್ಕೇ ಹೋಗಬೇಕು. ಗುಡ್ಡ ಸರಕಾರದ್ದು. ದನ ಗೌಡಂದು. ಬಾಸುಂಡೆ ಮಾತ್ರ ನಮ್ಮವ್ವನ ಮಗಂದು!

ದನ ಹಿಡಿಯುವುದಕ್ಕೂ ಒಂದು ಚರಿತ್ರೆ ಇದೆ. ಬ್ರಿಟಿಷರು 1871ರಲ್ಲಿ ದನಗಳ ಅತಿಕ್ರಮ ಪ್ರವೇಶ ಕಾಯ್ದೆ ಮಾಡಿದರು. 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಕಾಡಿಗೂ ತಂದಿತು. ಮೀಸಲು ಅರಣ್ಯದಲ್ಲಿ ಹೊಕ್ಕ ದನವನ್ನು, ಸಂರಕ್ಷಿತ ಅರಣ್ಯದಲ್ಲಾದರೆ ಕಾನೂನು ಪ್ರಕಾರ ಮೇವಿಗೆ ಮುಚ್ಚಿದ ಭಾಗದಲ್ಲಿ ಹೊಕ್ಕ ದನವನ್ನು ಮಾತ್ರ, ಹಿಡಿದು ಕೊಂಡವಾಡಕ್ಕೆ ಹಾಕಬಹುದು ಎಂದಿತು. ಜಗಳವೆಲ್ಲ ಇಲ್ಲೇ ಹುಟ್ಟುತ್ತದೆ. ಮುಚ್ಚಿದ್ದು ಯಾವಾಗ? ಡಂಗುರ ಹೊಡೆದು ಹೇಳಿದವರು ಯಾರು?

ಕೊಂಡವಾಡದ ವಹಿಯಲ್ಲಿ ಏನು ಬರೆಯಬೇಕು ಅಂತಲೂ 1871ರ ಕಾಯ್ದೆ ಹೇಳಿತು: ದನಗಳ ಲೆಕ್ಕ ಮತ್ತು ಚಹರೆ, ತಂದ ದಿನ ಮತ್ತು ಹೊತ್ತು, ಹಿಡಿದವನ ಹೆಸರು, ಒಡೆಯನ ಹೆಸರು. ಕೋಡು ಮುರಿದ ಎತ್ತಿಗೂ ಅಲ್ಲಿ ಜಾಗ ಉಂಟು, ಕಾದವನಿಗೆ ಇಲ್ಲ. ಏಳು ದಿನ ಯಾರೂ ಬಿಡಿಸದಿದ್ದರೆ ನೋಟೀಸು, ಮತ್ತೆ ಏಳು ದಿನ ಕಳೆದರೆ ಹರಾಜು. ತಪ್ಪಾಗಿ ಹಿಡಿದರೆಂದು ರುಜುವಾತಾದರೆ ಪರಿಹಾರ 100 ರೂಪಾಯಿ ಮೀರಬಾರದು. ಹಿಡಿದ ದನವನ್ನು ಜೋರು ಮಾಡಿ ಬಿಡಿಸಿಕೊಂಡವನಿಗೆ ಮಾತ್ರ ಆರು ತಿಂಗಳವರೆಗೆ ಜೈಲು, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಈ ತಕ್ಕಡಿಯನ್ನು ನ್ಯಾಯ ಅನ್ನೋಣವೇ?

ನಮ್ಮದು ಬ್ರಿಟಿಷರ ಸೀಮೆಯಲ್ಲ, ನಿಜಾಮರ ಸೀಮೆ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ನಿಜಾಮರ ಅರಣ್ಯ ಕಾಯ್ದೆ ಬೇರೆ, ಬಿಸಿ ಮಾತ್ರ ಒಂದೇ. ಅದೇ ರಾಜ್ಯದ ಆದಿಲಾಬಾದಿನಲ್ಲಿ ಗೊಂಡರ ಕೊಮರಂ ಭೀಮ ನೀರು, ಕಾಡು, ನೆಲ ನಮ್ಮದು ಎಂದು ಎದ್ದು, 1940ರಲ್ಲಿ ಜೋಡೇಘಾಟಿನಲ್ಲಿ ಪೊಲೀಸರ ಗುಂಡಿಗೆ ಬಿದ್ದ. ಆ ಬಂಡಾಯದ ಬೇರಿನಲ್ಲಿ ಮೇವಿನ ತೆರಿಗೆಯೂ ಇತ್ತು.

1948ರಲ್ಲಿ ನಿಜಾಮ ಹೋದ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1963ರ ಅರಣ್ಯ ಕಾಯ್ದೆ, 1966ರ ದನಗಳ ಅತಿಕ್ರಮ ಕಾಯ್ದೆ ಬಂದವು. ಸರಕಾರ ಬದಲಾಯಿತು, ಕೊಂಡವಾಡ ಉಳಿಯಿತು. 1976ರ ಕಾಯ್ದೆ ಜೀತವನ್ನು ಅಳಿಸಿತು. ಆದರೆ ಕುರಿ ಹಿಂಡಿನ ಹಿಂದೆ, ಬಾಡಿಗೆ ದನದ ಹಿಂದೆ ನಡೆಯುವವರು ಇಂದಿಗೂ ಬಡವರೇ.

2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಐದು ಹುಲಿಗಳು ವಿಷಕ್ಕೆ ಸತ್ತವು. ಜುಲೈನಲ್ಲಿ ಅರಣ್ಯ ಸಚಿವರು ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಿರೆಂದು ಸೂಚಿಸಿದರು. ಹುಲಿ ಸತ್ತದ್ದಕ್ಕೆ ನಮಗೂ ಸಂಕಟವಿದೆ. ಆದರೆ ವಿಷ ಇಟ್ಟವನ ತಪ್ಪಿಗೆ ರಾಜ್ಯದ ದನಗಾಹಿಗಳೆಲ್ಲ ಕಳ್ಳರಾಗಬೇಕೆ?

2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನೂ, ಅಲೆಮಾರಿ ಕುರಿಗಾರರು ಹಂಗಾಮಿಗೆ ಬಂದು ಹೋಗುವುದನ್ನೂ ಹಕ್ಕು ಎಂದೇ ಕರೆದಿದೆ. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ಕಾಗದ ಎಲ್ಲಿಂದ ತರೋಣ? ವಹಿಯಲ್ಲಿ ನಮ್ಮಜ್ಜನ ಹೆಸರೇ ಇಲ್ಲವಲ್ಲ!

ಇಲ್ಲೊಂದು ಕಿಂಡಿ ಇದೆ. ಆ ಕಾಯ್ದೆಯ ನಿಯಮಗಳ ಪ್ರಕಾರ ಹಿರಿಯರು ಹೇಳಿ ಬರೆಸಿದ ಮಾತೂ ಸಾಕ್ಷಿ. ಅರ್ಜಿ ಹೋಗಬೇಕಾದ್ದು ಗ್ರಾಮಸಭೆಗೆ. ಸಾಲಿ ಮಾಸ್ತರರೇ, ಓದುವ ತಮ್ಮಂದಿರೇ, ತಂಗಿಯರೇ, ನಿಮ್ಮೂರ ಮುದುಕರ ಹತ್ತಿರ ಕುಂತು ಕೇಳಿರಿ. ಯಾವ ಗುಡ್ಡ, ಯಾವ ಹಳ್ಳ, ಯಾವ ಹಂಗಾಮು, ಯಾರ ದನ, ಎಷ್ಟು ದಂಡ, ಎಲ್ಲ ಬರೆದುಕೊಳ್ಳಿರಿ. ಅವರು ಕಣ್ಣು ಮುಚ್ಚಿದರೆ ಆ ಸಾಕ್ಷಿಯೂ ಮಣ್ಣಿಗೆ ಹೋಗುತ್ತದೆ. ಕಾದವನ ಹೆಸರಿನಿಂದಲೇ ಆ ಬರಹ ಶುರುವಾಗಲಿ.