ಕಿವಿಯನ್ನು ಅಳೆಯಹೊರಟ ತಟ್ಟೆಗಳು

ಮಗುವಿಗೆ ಸಂಗೀತ ಒಲಿಯುತ್ತದೆಯೇ ಇಲ್ಲವೇ ಎಂಬುದನ್ನು ಅದು ಕಲಿಯುವ ಮೊದಲೇ ಹೇಳಿಬಿಡಬಹುದೇ? ಶ್ರುತಿಗೆ ಷಡ್ಜ ಹಿಡಿಸಿ ನೋಡಿ ಒಂದು ಅಂದಾಜಿಗೆ ಬರುವುದು ನಮ್ಮ ಸಂಗೀತದ ಮೇಷ್ಟರಿಗೆ ಹೊಸದೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಇಂಥ ಅಂದಾಜನ್ನು ಅಂಕಿಗಳಿಗೆ ಇಳಿಸಲು ಹೊರಟಿತು. ಅದರ ಕಥೆ ಸಂಗೀತದ ಗಡಿ ದಾಟಿ ಜನಾಂಗಗಳ ಮೇಲುಕೀಳಿನ ವಾದದವರೆಗೂ ಹರಿಯಿತು.

ಈ ಪ್ರಯತ್ನದ ಮುಖ್ಯ ಪುರುಷ ಕಾರ್ಲ್ ಸೀಶೋರ್. 1866ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದ ಆತ ಅಯೋವಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕನಾದ. 1919ರಲ್ಲಿ ಆತನ ಪರೀಕ್ಷೆಗಳು ಗ್ರಾಮಫೋನ್ ತಟ್ಟೆಗಳಾಗಿ ಹೊರಬಂದವು. ಎರಡು ನಾದ ಕೇಳಿಸುತ್ತವೆ. ಎರಡನೆಯದು ಏರಿತೇ, ಇಳಿಯಿತೇ ಎಂದು ಬರೆಯಬೇಕು. ಮೊದಲು ಅಂತರ ದೊಡ್ಡದು, ಬರಬರುತ್ತ ಸೆಕೆಂಡಿಗೆ ಅರ್ಧ ಕಂಪನದಷ್ಟು ಸೂಕ್ಷ್ಮ. ನಾದದ ಬಲ, ಅವಧಿ, ಸ್ವರಸ್ಮೃತಿ, ಸ್ವರಗಳ ಹೊಂದಾಣಿಕೆ ಹೀಗೆ ಒಂದೊಂದಕ್ಕೂ ಒಂದೊಂದು ತಟ್ಟೆ. ಲಯದ ಪರೀಕ್ಷೆ ಆಮೇಲೆ ಸೇರಿತು.

ಈ ಶಕ್ತಿಗಳು ಹುಟ್ಟಿನಿಂದಲೇ ಬಂದವು, ಅಭ್ಯಾಸದಿಂದ ಹೆಚ್ಚೇನೂ ಬದಲಾಗುವುದಿಲ್ಲ ಎಂಬುದು ಸೀಶೋರನ ದೃಢ ನಂಬಿಕೆ. ಕೊಡಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ರಾಚೆಸ್ಟರ್ ನಗರದಲ್ಲಿ ಸ್ಥಾಪಿಸಿದ ಸಂಗೀತ ಶಾಲೆಯಲ್ಲಿ ಸೀಶೋರನ ಶಿಷ್ಯೆ ಹೇಜಲ್ ಸ್ಟಾಂಟನ್ ಈ ಪರೀಕ್ಷೆಗಳನ್ನು ವರ್ಷಗಟ್ಟಲೆ ನಡೆಸಿದಳು. ವಿದ್ಯಾರ್ಥಿಗಳನ್ನು ಐದು ದರ್ಜೆಗಳಾಗಿ ವಿಂಗಡಿಸಲಾಯಿತು. ಮೇಲಿನ ದರ್ಜೆಯವರು ನಿಶ್ಚಿಂತರು. ಕೊನೆಯ ದರ್ಜೆಯವರಿಗೆ ಈ ದಾರಿ ಬೇಡವೆಂಬ ಸಲಹೆ.

ಇದೇ ತರ್ಕವನ್ನು ಇಡೀ ಜನಾಂಗಗಳಿಗೂ ಅನ್ವಯಿಸಲು ಹೆಚ್ಚು ಕಾಲ ಹಿಡಿಯಲಿಲ್ಲ. ಪರೀಕ್ಷೆಯಲ್ಲಿರುವುದು ಯಾವ ದೇಶದ ಸಂಗೀತವೂ ಅಲ್ಲ, ಬರಿಯ ನಾದ. ಶಕ್ತಿ ಹುಟ್ಟಿನಿಂದ ಬಂದದ್ದು. ಹಾಗಾದರೆ ಅಂಕಗಳ ವ್ಯತ್ಯಾಸ ರಕ್ತದ ವ್ಯತ್ಯಾಸವೇ ಎಂಬ ವಾದ ಹುಟ್ಟಿತು. 1920 ಮತ್ತು 30ರ ದಶಕಗಳಲ್ಲಿ ಅಮೆರಿಕದ ಕಪ್ಪು ಮಕ್ಕಳ ಮೇಲೆ, ಅಲಾಸ್ಕದ ಮೂಲನಿವಾಸಿಗಳ ಮೇಲೆ ಈ ಪರೀಕ್ಷೆಗಳು ನಡೆದವು. 1932ರಲ್ಲಿ ಆಲಿವರ್ ಎಂಬ ಮನಶ್ಶಾಸ್ತ್ರಜ್ಞ ಪೂರ್ವ ಆಫ್ರಿಕದ ವಿದ್ಯಾರ್ಥಿಗಳ ಫಲಿತಾಂಶ ಪ್ರಕಟಿಸಿದ. ಲಯದಲ್ಲಿ ಅವರು ಅಮೆರಿಕನ್ನರಿಗಿಂತ ಮುಂದು, ಸ್ವರದ ಏರಿಳಿತ ಗುರುತಿಸುವುದರಲ್ಲಿ ಮತ್ತು ಸ್ವರಸ್ಮೃತಿಯಲ್ಲಿ ಹಿಂದು. ಆದರೆ ತಟ್ಟೆಯೂ ಅಮೆರಿಕದ್ದು, ತೂಗಿ ನೋಡಿದ ಅಂಕಗಳೂ ಅಮೆರಿಕದ್ದೇ. ಹೀಗಿರುವಾಗ ಅಳತೆಗೆ ಸಿಕ್ಕದ್ದು ಹುಟ್ಟೋ, ಒಡನಾಟವೋ?

ತಟ್ಟೆಯೊಳಗೇ ಒಂದು ತೊಡಕು ಕುಳಿತಿತ್ತು. ಹೊಂದಾಣಿಕೆಯ ಪರೀಕ್ಷೆಯಲ್ಲಿ ಎರಡು ಸ್ವರಜೋಡಿಗಳಲ್ಲಿ ಯಾವುದು ಚೆನ್ನಾಗಿ ಬೆರೆಯುತ್ತದೆ ಎಂದು ಹೇಳಬೇಕಿತ್ತು. ಸರಿಯುತ್ತರವನ್ನು ನಿಶ್ಚಯಿಸಿದ್ದು ಪಾಶ್ಚಾತ್ಯ ಕಿವಿ. ಲಂಡನ್ನಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಂತಿತ್ತು. ಅಷ್ಟಕವನ್ನು 1200 ಸೆಂಟ್‌ಗಳಾಗಿ ವಿಭಾಗಿಸಿ, ಭಾರತ, ಜಾವಾ ಮೊದಲಾದ ದೇಶಗಳ ವಾದ್ಯಗಳನ್ನು ಅಳೆದ ಆತ, ನಿಸರ್ಗವೇ ವಿಧಿಸಿದ ಒಂದೇ ಸ್ವರಶ್ರೇಣಿ ಇಲ್ಲ ಎಂದು ತೀರ್ಮಾನಿಸಿದ್ದ. 1939ರ ಪರಿಷ್ಕರಣೆಯಲ್ಲಿ ಸೀಶೋರನ ಪರೀಕ್ಷೆಯಿಂದ ಹೊಂದಾಣಿಕೆಯ ತಟ್ಟೆಯನ್ನು ಕೈಬಿಡಲಾಯಿತು. 2016ರಲ್ಲಿ ಬೊಲಿವಿಯದ ಚಿಮಾನೆ ಬುಡಕಟ್ಟಿನವರ ನಡುವೆ ನಡೆದ ಅಧ್ಯಯನ ಇನ್ನಷ್ಟು ಸ್ಪಷ್ಟ ಉತ್ತರ ನೀಡಿತು. ಪಾಶ್ಚಾತ್ಯರಿಗೆ ಕರ್ಕಶವೆನಿಸುವ ಸ್ವರಜೋಡಿಗಳೂ ಇಂಪೆನಿಸುವ ಜೋಡಿಗಳೂ ಅವರಿಗೆ ಸಮಾನವಾಗಿ ಹಿತವಾಗಿದ್ದವು.

ಲಯದ ಕಥೆಯೂ ಅಷ್ಟೇ. ಬಲ್ಗೇರಿಯ, ಮ್ಯಾಸಿಡೋನಿಯಗಳ ಜನಪದ ಸಂಗೀತದಲ್ಲಿ ಏಳರ, ಐದರ ನಡೆಗಳು ಸಾಮಾನ್ಯ. ಅದರಲ್ಲಿನ ತಪ್ಪನ್ನು ಉತ್ತರ ಅಮೆರಿಕದ ವಯಸ್ಕರು ಗುರುತಿಸಲಾರದೆ ಹೋದರು. ಅವರದೇ ಆರು ತಿಂಗಳ ಶಿಶುಗಳು ಗುರುತಿಸಿದವು. 2005ರಲ್ಲಿ ಹ್ಯಾನನ್ ಮತ್ತು ಟ್ರೇಹಬ್ ಇದನ್ನು ತೋರಿಸಿದರು. ವರ್ಷ ತುಂಬುವ ಹೊತ್ತಿಗೆ ಶಿಶುವಿನ ಕಿವಿಯೂ ಮನೆಯ ಸಂಗೀತದತ್ತ ವಾಲಿರುತ್ತದೆ.

ಆಧಾರ ಶ್ರುತಿಯಿಲ್ಲದೆ ಸ್ವರದ ಹೆಸರು ಹೇಳುವ ಅಪರೂಪದ ಶಕ್ತಿಯೊಂದುಂಟು. 2006ರಲ್ಲಿ ಡಯಾನಾ ಡಾಯ್ಚ್ ಮತ್ತು ಸಂಗಡಿಗರು ಬೀಜಿಂಗಿನ ಸಂಗೀತ ವಿದ್ಯಾಲಯವನ್ನೂ ಅದೇ ಈಸ್ಟ್‌ಮನ್ ಶಾಲೆಯನ್ನೂ ಹೋಲಿಸಿದರು. ನಾಲ್ಕೈದು ವರ್ಷಕ್ಕೇ ಕಲಿಕೆ ಆರಂಭಿಸಿದವರಲ್ಲಿ ಈ ಶಕ್ತಿಯಿದ್ದವರು ಅಲ್ಲಿ ಶೇ. 60ರಷ್ಟು, ಇಲ್ಲಿ ಶೇ. 14ರಷ್ಟು. ಇದು ಜನಾಂಗದ ಗುಣವೇ? 2009ರ ಇನ್ನೊಂದು ಅಧ್ಯಯನದಲ್ಲಿ, ಚೀನೀ ಭಾಷೆಯಂಥ ಸ್ವರಭೇದದ ನುಡಿಯನ್ನು ಸರಾಗವಾಗಿ ಆಡಬಲ್ಲ ಪೂರ್ವ ಏಷ್ಯ ಮೂಲದ ವಿದ್ಯಾರ್ಥಿಗಳು ಮುಂದಿದ್ದರು. ಅದೇ ಮೂಲದವರಾದರೂ ಆ ನುಡಿ ಬಾರದವರು ಬಿಳಿಯರಂತೆಯೇ ಇದ್ದರು. ಒಲವು ರಕ್ತಕ್ಕಿಂತ ನುಡಿಯ ಕಡೆಗೆ.

ನಮ್ಮ ಸಂಗೀತದ ಎದುರು ಈ ತಟ್ಟೆಗಳ ಮಿತಿ ಬೇಗ ಗೋಚರಿಸುತ್ತದೆ. ಅವು ಕೇಳಿಸುವುದು ಅಲುಗದ ನಾದ. ಕರ್ನಾಟಕ ಸಂಗೀತದಲ್ಲಿ ಸ್ವರ ಒಂದು ಬಿಂದುವಲ್ಲ. ತೋಡಿಯ ಗಾಂಧಾರ ತೂಗಾಡುವುದರಿಂದಲೇ ತೋಡಿಯದು. ಅರ್ಧ ಕಂಪನದ ಅಂತರ ಹಿಡಿಯುವ ಕಿವಿಗೆ ಆ ತೂಗಾಟದ ಹದ ತಿಳಿದಿರಬೇಕೆಂದಿಲ್ಲ. ಬಿಡಿಬಿಡಿಯಾದ ಶಕ್ತಿಗಳನ್ನು ಕೂಡಿಸಿದರೆ ಸಂಗೀತವಾಗದು ಎಂದು 1930ರ ದಶಕದಲ್ಲೇ ಜೇಮ್ಸ್ ಮರ್ಸೆಲ್ ಸೀಶೋರನೊಡನೆ ವಾದಿಸಿದ್ದ.

ಪರೀಕ್ಷೆ ಪೂರ್ತಿ ನಿರುಪಯೋಗಿಯಾಗಲಿಲ್ಲ. ಸೀಶೋರನ ಲಯಪರೀಕ್ಷೆ ಮಿದುಳಿಗೆ ಪೆಟ್ಟಾದವರ ತಪಾಸಣೆಯ ಹಾಲ್‌ಸ್ಟೆಡ್–ರೈಟನ್ ಪರೀಕ್ಷಾಮಾಲೆಯಲ್ಲಿ ಸೇರಿಕೊಂಡಿತು. ಅಲ್ಲಿ ಅದರ ಕೆಲಸ ಕಿವಿಯ ಮತ್ತು ಗಮನದ ಕೊರತೆಯನ್ನು ಕಂಡುಹಿಡಿಯುವುದು, ಭವಿಷ್ಯ ನುಡಿಯುವುದಲ್ಲ. ಆದರೆ ತಟ್ಟೆಯೊಂದರ ಮಾತು ಕೇಳಿ ವಾದ್ಯ ಕೆಳಗಿಟ್ಟವರ ಸಂಗೀತ ಹೇಗಿರುತ್ತಿತ್ತೆಂಬುದನ್ನು ಯಾವ ಪರೀಕ್ಷೆಯೂ ಅಳೆಯಲಾರದು.